ಹುಮನಾಬಾದಿನಲ್ಲಿ ಒಮ್ಮೆ ಇಳಿದು ನಡೆಯಿರಿ

ಕಲಬುರಗಿಯಿಂದ ಜೆಡ್ಡಾಕ್ಕೆ ಹೊರಟವರು ವಿಮಾನದ ಸುಮಾರು 6 ಗಂಟೆಯನ್ನಷ್ಟೇ ಲೆಕ್ಕ ಹಾಕುತ್ತಾರೆ. ಹೈದರಾಬಾದಿನ ವಿಮಾನ ನಿಲ್ದಾಣವಿರುವ ಶಂಶಾಬಾದಿನವರೆಗೆ ಬಸ್ಸಿನಲ್ಲಿ ಕೂತ ಐದಾರು ಗಂಟೆ, ನಿಲ್ದಾಣದಲ್ಲಿ ಕಾದ ಮೂರು ಗಂಟೆ ಬಿಟ್ಟುಹೋಗುತ್ತವೆ. ಕಾಲಿಗೆ ಇದೆಲ್ಲ ಒಂದೇ ಪ್ರಯಾಣ. 4 ಗಂಟೆ ಮೀರಿ ಅಲುಗಾಡದೆ ಕೂತರೆ ಕಾಲಿನ ಒಳನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ಸುಮಾರು ಇಮ್ಮಡಿಯಾಗುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆ 2007ರಲ್ಲೇ ಹೇಳಿತ್ತು. ಬಸ್ಸು, ರೈಲಿಗೂ ಇದೇ ಮಾತು. ಒಟ್ಟಿನಲ್ಲಿ ಇದು ಸುಮಾರು 6000 ಜನರಲ್ಲಿ ಒಬ್ಬರಿಗೆ ಆಗುವಂಥದ್ದು, ಹೆದರಬೇಕಿಲ್ಲ. ಹುಮನಾಬಾದ್, ಜಹೀರಾಬಾದಿನಲ್ಲಿ ಬಸ್ ನಿಂತಾಗ ಇಳಿದು ಐದು ನಿಮಿಷ ನಡೆದರೆ ಸಾಕು.

ಇನ್ನು ಸೀಟು. ನಿಮ್ಮ ಸೀಟಿನ ಬೆನ್ನಿನಿಂದ ಮುಂದಿನ ಸೀಟಿನ ಬೆನ್ನಿನವರೆಗಿನ ಅಳತೆಗೆ ಪಿಚ್ ಎನ್ನುತ್ತಾರೆ. ಅಗ್ಗದ ವಿಮಾನಗಳಲ್ಲಿ ಇದು ಸಾಮಾನ್ಯವಾಗಿ 28ರಿಂದ 30 ಇಂಚು. ಸೀಟಿನ ದಪ್ಪವೂ ಇದರಲ್ಲೇ ಸೇರಿರುವುದರಿಂದ ಅಷ್ಟೂ ಜಾಗ ಮೊಣಕಾಲಿಗೆ ಸಿಗುವುದಿಲ್ಲ. ಮನೆಯಲ್ಲಿ ಸ್ಟೂಲಿನ ಮೇಲೆ ಗೋಡೆಗೆ ಬೆನ್ನು ಹಚ್ಚಿ ಕೂತು, ಗೋಡೆಯಿಂದ ಮೊಣಕಾಲ ತುದಿಗೆ ಟೇಪು ಹಿಡಿಯಿರಿ. 25 ಇಂಚು ಬಂದರೆ 28ರ ಪಿಚ್ಚಿನಲ್ಲಿ ಮುಂದಿನ ಸೀಟು ತಾಗುತ್ತದೆಂದೇ ತಿಳಿಯಿರಿ. ಎತ್ತರದವರು ಚೀಲವನ್ನು ಕಾಲ ಬಳಿ ಇಡದೆ ಮೇಲಿನ ಖಾನೆಗೆ ಹಾಕಲಿ.

ಗಿಡ್ಡಗಿರುವವರಿಗೆ ಆರಾಮ ಎಂಬುದು ಮಾತ್ರ ತಪ್ಪು. ಮೆಕ್ಕಾ ಯಾತ್ರೆಯಾದ ಉಮ್ರಾಕ್ಕೆ ಹೊರಟ ಎಷ್ಟೋ ಅಜ್ಜಿಯರ ಪಾದ ನೆಲಕ್ಕೆ ಊರುವುದಿಲ್ಲ. ಸೀಟಿನ ಅಂಚು ಮೊಣಕಾಲ ಹಿಂದೆ ಒತ್ತುತ್ತದೆ, ರಕ್ತದ ಓಟ ಅಲ್ಲೇ ನಿಧಾನವಾಗುತ್ತದೆ. ವಿಮಾನ ಮೇಲೇರಿದ ಮೇಲೆ ಅವರ ಕೈಚೀಲವನ್ನೇ ಪಾದದಡಿ ಇಟ್ಟು ಮೊಣಕಾಲು ಎತ್ತರಿಸಿ. ಇಳಿಯುವ ಮುಂಚೆ ಮುಂದಿನ ಸೀಟಿನ ಕೆಳಗೆ ತಳ್ಳಿ.

ತುರ್ತು ಬಾಗಿಲ ಸಾಲಿನಲ್ಲಿ ಕಾಲು ಚಾಚಬಹುದು, ಆದರೆ ಗರ್ಭಿಣಿಯರಿಗೆ, ಮಕ್ಕಳಿಗೆ, ನೆರವು ಬೇಕಾದ ವಯಸ್ಸಾದವರಿಗೆ ಅದನ್ನು ಕೊಡುವುದಿಲ್ಲ. ಮೊದಲ ಸಾಲಿನಲ್ಲಿ ಊಟದ ಹಲಗೆ ತೋಳಿನೊಳಗೇ ಇರುವುದರಿಂದ ಸೊಂಟಕ್ಕೆ ಬಿಗಿ. ಕೊನೆಯ ಸಾಲಿನ ಸೀಟು ಎಷ್ಟೋ ವಿಮಾನಗಳಲ್ಲಿ ಹಿಂದಕ್ಕೆ ವಾಲುವುದಿಲ್ಲ. ಹಿರಿಯರಿಗೆ ನಡುದಾರಿಯ ಪಕ್ಕದ ಸೀಟೇ ಸರಿ, ಅದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೂ ಚಿಂತೆಯಿಲ್ಲ. ಯಾರನ್ನೂ ಎಬ್ಬಿಸದೆ ಗಂಟೆಗೊಮ್ಮೆ ಏಳಬಹುದು. ಕೂತಾಗ ಅರ್ಧ ಗಂಟೆಗೊಮ್ಮೆ ಹಿಮ್ಮಡಿ ಎತ್ತಿ ಇಳಿಸಿ, ಆಮೇಲೆ ಬೆರಳು, ಇಪ್ಪತ್ತಿಪ್ಪತ್ತು ಸಲ.

ಮೊದಲು ರಕ್ತ ಹೆಪ್ಪುಗಟ್ಟಿದ್ದವರು, ಈಚೆಗೆ ಆಪರೇಷನ್ ಆದವರು, ಗರ್ಭಿಣಿಯರು ಡಾಕ್ಟರನ್ನು ಕೇಳಿಯೇ ಹೊರಡಬೇಕು. ಕಾಲನ್ನು ಒತ್ತಿ ಹಿಡಿಯುವ ಸಾಕ್ಸ್ ಹಾಕಲು ಅವರು ಹೇಳಿದರೆ ಬೆಳಿಗ್ಗೆ, ಕಾಲು ಬಾಯುವ ಮುಂಚೆ, ಅಳತೆ ಕೊಟ್ಟು ತನ್ನಿ. ಅಳತೆ ತಪ್ಪಿದ ಸಾಕ್ಸ್ ಸುರುಳಿಗಟ್ಟಿ ಮೊಣಕಾಲ ಕೆಳಗೆ ಹಗ್ಗದಂತೆ ಬಿಗಿಯುತ್ತದೆ.

ಊರಿಗೆ ಮರಳಿ ಎರಡು ವಾರವಾದ ಮೇಲೂ ಒಂದೇ ಮೀನಖಂಡ ಬಾತು ನೋಯ್ದರೆ ಬರೀ ಎಣ್ಣೆ ತಿಕ್ಕುತ್ತ ಕೂರಬೇಡಿ, ಅದೇ ದಿನ ಆಸ್ಪತ್ರೆಗೆ ಹೋಗಿ, ವಿಮಾನದಲ್ಲಿ ಬಂದದ್ದನ್ನೂ ಹೇಳಿ. ಉಸಿರು ಕಟ್ಟಿದರೆ ಆ ಕ್ಷಣವೇ ಹೊರಡಿ.