ಬಿಟ್ಟಿದ್ದು ಒಂದು, ನಡುಗಿಸಿದ್ದು ಇನ್ನೊಂದು

ಹಾಜರಿ ಕೂಗುತ್ತಿದ್ದೆ. ಹದಿಮೂರನೇ ಹೆಸರಿಗೆ ಬಂದಾಗ ಗಂಟಲು ಕೈಕೊಟ್ಟಿತು. ಬಾಯಿ ತೆರೆದರೆ ಬರೀ ಗಾಳಿ, ದನಿ ಇಲ್ಲ. ಮುಂದಿನ ಬೆಂಚಿನ ಹುಡುಗಿ ತನ್ನ ನೀರಿನ ಬಾಟಲಿ ಕೊಟ್ಟಳು. ಕುಡಿದೆ, ಪ್ರಯೋಜನ ಆಗಲಿಲ್ಲ. ಉಳಿದ ಹೆಸರುಗಳನ್ನು ಅವಳೇ ಕೂಗಿದಳು, ಅದೂ ನನ್ನದೇ ಧಾಟಿಯಲ್ಲಿ.

ಗಂಟಲು ಕಟ್ಟಿ ಆಗಲೇ ಮೂರು ವಾರವಾಗಿತ್ತು. ನೆಗಡಿ ಇಲ್ಲ, ಜ್ವರ ಇಲ್ಲ. ಬೆಳಿಗ್ಗೆ ಸುಮಾರಾಗಿರುತ್ತಿತ್ತು, ಮಧ್ಯಾಹ್ನದ ಹೊತ್ತಿಗೆ ಹರಿದ ತಮಟೆ. ದಿನವಿಡೀ ಲೆಕ್ಕದ ಪಾಠ ಹೇಳುವವಳಿಗೆ ಇದೆಲ್ಲ ಇದ್ದಿದ್ದೇ ಅಂತ ಸುಮ್ಮನಿದ್ದೆ. ಅವತ್ತು ರಾತ್ರಿ ಮಾತ್ರ ಕನ್ನಡಿ ಮುಂದೆ ನಿಂತು ನಾಲಿಗೆ ಚಾಚಿ ನೋಡಿದೆ. ನಾಲಿಗೆಯ ಹಿಂಭಾಗದಲ್ಲಿ, ಕೆನ್ನೆಯ ಒಳಗೆ ಬಿಳಿ ಬಿಳಿ ಪದರ. ಹಾಲು ಕುಡಿದ ಕೂಸಿನ ಬಾಯಿಯಂತಿತ್ತು. ಬ್ರಷ್‌ನಿಂದ ಉಜ್ಜಿದೆ. ಒಂದು ಕಡೆ ಕಿತ್ತು ಬಂತು. ಅಡಿಯಲ್ಲಿ ಕೆಂಪು ಹುಣ್ಣು, ಪೇಸ್ಟ್ ತಗುಲಿದ್ದೇ ತಡ ಕಣ್ಣಲ್ಲಿ ನೀರು ಬಂತು.

ಅಸ್ತಮಾಗೆ ಹಾಕಿಕೊಳ್ಳುವ ಇನ್‌ಹೇಲರ್ ಡಬ್ಬಿಯೊಳಗೆ ಮಡಚಿಟ್ಟ ಕಾಗದ ಇರುತ್ತದಲ್ಲ, ಎಂಟು ತಿಂಗಳಲ್ಲಿ ಅದನ್ನು ಮೊದಲ ಸಲ ಬಿಡಿಸಿದೆ. ಅಕ್ಷರಗಳೆಲ್ಲ ಇರುವೆ ಸಾಲು. ಬಾಯಲ್ಲಿ ಫಂಗಸ್, ದನಿ ಒಡೆಯುವುದು, ಗಂಟಲ ಕೆರೆತ ಎಲ್ಲ ಮೇಲೇ ಇತ್ತು. ಅಲ್ಲಿಗೇ ನಿಲ್ಲಿಸಿದ್ದರೆ ಚೆನ್ನಾಗಿತ್ತು. ಕೆಳಗೆ ಹೋದೆ. ಕಣ್ಣಿನ ಪೊರೆ, ಗ್ಲುಕೋಮಾ, ಮೂಳೆ ಸವೆತ. ‘ಹೆಚ್ಚು ಡೋಸ್, ಬಹಳ ಕಾಲ ಬಳಸಿದರೆ’ ಅನ್ನುವ ಮಾತು ಅದರ ಪಕ್ಕದಲ್ಲೇ ಇತ್ತು, ನನ್ನ ಕಣ್ಣಿಗೆ ಬೀಳಲಿಲ್ಲ. ಹೆದರಿದವರು ಓದುವುದೇ ಹಾಗೆ, ಅಲ್ವಾ?

ನನ್ನ ಹತ್ತಿರ ಇದ್ದಿದ್ದು ಎರಡು ಇನ್‌ಹೇಲರ್. ಕಂದು ಬಣ್ಣದ್ದು ಬುಡೆಸೊನೈಡ್, ಅಂದರೆ ಸ್ಟೀರಾಯ್ಡ್. ಬೆಳಿಗ್ಗೆ ಒಂದು ಪಫ್, ರಾತ್ರಿ ಒಂದು. ಶ್ವಾಸನಾಳದ ಒಳಗಿನ ಊತ ಇಳಿಸುವ ಔಷಧ. ಹಾಕಿದರೂ ಏನೂ ಗೊತ್ತಾಗುವುದಿಲ್ಲ, ಹಾಕದಿದ್ದರೂ ಆ ಕ್ಷಣಕ್ಕೆ ಏನೂ ಗೊತ್ತಾಗುವುದಿಲ್ಲ. ನೀಲಿ ಬಣ್ಣದ್ದು ಸಾಲ್ಬುಟಮಾಲ್. ಉಬ್ಬಸ ಬಂದಾಗ ಎಳೆದರೆ ಐದೇ ನಿಮಿಷ, ಎದೆ ಸಡಿಲ. ಇಬ್ಬರಲ್ಲಿ ಯಾರ ಮೇಲೆ ಪ್ರೀತಿ ಜಾಸ್ತಿ ಇರುತ್ತದೆ ನೀವೇ ಹೇಳಿ. ಕಂದು ಬಣ್ಣದ್ದನ್ನು ಡ್ರಾಯರ್‌ಗೆ ತಳ್ಳಿದೆ. ಯಾರನ್ನೂ ಕೇಳಲಿಲ್ಲ.

ಮೊದಲ ವಾರ ಏನೂ ಆಗಲಿಲ್ಲ. ನೋಡಿದ್ರಾ, ಇದು ಬೇಕೇ ಇರಲಿಲ್ಲ ಅಂತ ಮನೆಯಲ್ಲಿ ಹೇಳಿಕೊಂಡು ಓಡಾಡಿದೆ. ಎರಡನೇ ವಾರ ರಾತ್ರಿ ಮೂರಕ್ಕೆ ಕೆಮ್ಮು ಎಬ್ಬಿಸತೊಡಗಿತು. ನೀಲಿ ಎರಡು ಪಫ್ ಎಳೆದು ಮಲಗಿದೆ. ಆಮೇಲೆ ಮೆಟ್ಟಿಲು ಹತ್ತುವಾಗ ಎರಡು, ಪಾಠಕ್ಕೆ ಮುಂಚೆ ಎರಡು. ಮೂರನೇ ವಾರದಲ್ಲಿ ಲೆಕ್ಕ ಇಡುವುದನ್ನೇ ಬಿಟ್ಟೆ. ಲೆಕ್ಕದ ಮೇಷ್ಟ್ರು ನಾನು!

ಒಂದು ದಿನ ಬೋರ್ಡಿನ ಮೇಲೆ ಭಿನ್ನರಾಶಿ ಬರೆಯುತ್ತಿದ್ದೆ. ನಡುವಿನ ಗೆರೆ ನೇರ ಬರಲಿಲ್ಲ, ಅಲೆ ಅಲೆಯಾಗಿ ಹೋಯಿತು. ಒರೆಸಿ ಮತ್ತೆ ಎಳೆದೆ. ಚಾಕ್‌ಪೀಸು ಬೋರ್ಡಿಗೆ ಟಕಟಕ ಬಡಿಯಿತು. ಹಿಂದಿನ ಬೆಂಚಿನಿಂದ ಒಬ್ಬ, “ಮಿಸ್, ಭೂಕಂಪಾನಾ?” ಅಂದ. ನಕ್ಕೆ. ನಕ್ಕಿದ್ದಕ್ಕೆ ಕೆಮ್ಮು ಬಂತು, ಕೆಮ್ಮಿಗೆ ಮತ್ತೆ ನೀಲಿ. ಸ್ಟಾಫ್ ರೂಮಿಗೆ ಬಂದು ಕೈ ಚಾಚಿ ಬೆರಳ ಮೇಲೆ ಒಂದು ಹಾಳೆ ಇಟ್ಟುಕೊಂಡೆ. ಫ್ಯಾನ್ ಓಡುತ್ತಿರಲಿಲ್ಲ, ಆದರೂ ಹಾಳೆಯ ಅಂಚು ಪಟಪಟ ಅನ್ನುತ್ತಿತ್ತು. ಎದೆ ಓಡಿ ಬಂದವಳ ಹಾಗೆ ಹೊಡೆದುಕೊಳ್ಳುತ್ತಿತ್ತು. ಇಷ್ಟೆಲ್ಲ ಆದರೂ ನನ್ನ ಅನುಮಾನ ಡ್ರಾಯರಿನಲ್ಲಿ ಬಿದ್ದಿದ್ದ ಆ ಕಂದು ಡಬ್ಬಿಯ ಮೇಲೆಯೇ. ಅದರ ವಿಷ ಇನ್ನೂ ಮೈಯಲ್ಲಿದೆ ಅಂತ.

ಅವತ್ತೇ ರಾತ್ರಿ ನೀಲಿಯೂ ಕೆಲಸ ಮಾಡಲಿಲ್ಲ. ಒಂದು ವಾಕ್ಯ ಪೂರ್ತಿ ಹೇಳಲು ನಡುವೆ ಮೂರು ಸಲ ಉಸಿರು ತೆಗೆದುಕೊಳ್ಳಬೇಕಾಯಿತು. ನಮ್ಮವರು ಮಾತಾಡದೆ ಗಾಡಿ ತೆಗೆದರು. ಆಸ್ಪತ್ರೆಯಲ್ಲಿ ಔಷಧವನ್ನು ಮಂಜಿನ ಹಾಗೆ ಉಸಿರಿಗೆ ಕೊಡುವ ನೆಬುಲೈಸರ್ ಹಾಕಿದರು, ಐದು ದಿನಕ್ಕೆ ಪ್ರೆಡ್ನಿಸೊಲೋನ್ ಮಾತ್ರೆ ಬರೆದರು. ದಿನಕ್ಕೆ 40 ಮಿಲಿಗ್ರಾಂ. ಅದೂ ಸ್ಟೀರಾಯ್ಡೇ. ನಾನು ಬಿಟ್ಟಿದ್ದ ಇನ್‌ಹೇಲರ್ ದಿನಕ್ಕೆ 400 ಮೈಕ್ರೋಗ್ರಾಂ. ಚೀಟಿಯ ಹಿಂದೆ ಲೆಕ್ಕ ಹಾಕಿದೆ. ಐದು ದಿನದ ಮಾತ್ರೆ ತೂಕದಲ್ಲಿ 500 ದಿನದ ಪಫ್‌ಗಳಿಗೆ ಸಮ! ಎರಡೂ ಬೇರೆ ಬೇರೆ ಔಷಧ, ಹಾಗೆ ತೂಗಿ ನೋಡುವುದು ಸರಿಯಲ್ಲ ಅಂತ ಡಾಕ್ಟರು ತಿದ್ದಿದರು. ಸರಿಯೇ. ಆದರೆ ಪಫ್ ನೇರ ಎದೆಗೆ ಹೋಗುತ್ತದೆ, ಅದಕ್ಕೇ ಅಷ್ಟು ಕಡಿಮೆ ಸಾಕು, ಮಾತ್ರೆ ಮೈಯೆಲ್ಲ ಸುತ್ತಿ ಬರಬೇಕು ಅಂತ ಹೇಳಿದವರೂ ಅವರೇ.

ಅವರು ಬೈಯಲಿಲ್ಲ. “ಇನ್‌ಹೇಲರ್ ಹೇಗೆ ಹಾಕ್ಕೊಳ್ತೀರಿ, ಒಮ್ಮೆ ತೋರಿಸಿ” ಅಂದರು. ತೋರಿಸಿದೆ. ಅಲುಗಾಡಿಸಲಿಲ್ಲ. ಮೊದಲು ಒತ್ತಿದೆ, ಆಮೇಲೆ ಗಬಕ್ಕನೆ ಉಸಿರೆಳೆದೆ. ಬಾಯಿಂದ ಸ್ವಲ್ಪ ಹೊಗೆ ಹೊರಗೂ ಬಂತು.

“ಎದೆಗೆ ಹೋಗಬೇಕಾದ್ದನ್ನ ನಾಲಿಗೆಗೆ ಬಳಿದುಕೊಳ್ತಿದ್ದೀರಿ” ಅಂದರು.

ಎಂಟು ತಿಂಗಳು ಅದನ್ನೇ ಮಾಡಿದ್ದೆ. ಬಾಯಲ್ಲಿ ಕೂತ ಸ್ಟೀರಾಯ್ಡ್ ಅಲ್ಲಿನ ರಕ್ಷಣೆಯನ್ನು ತಗ್ಗಿಸುತ್ತದೆ, ಆಗ ಸುಮ್ನೆ ಬಿದ್ದಿದ್ದ ಫಂಗಸ್ ತಲೆ ಎತ್ತುತ್ತದೆ. ಗಂಟಲಿನಲ್ಲಿ ಕೂತರೆ ದನಿ ಹೋಗುತ್ತದೆ. ಮತ್ತೆ ಕೈ ನಡುಕ? ಅದು ನೀಲಿಯದು. ಶ್ವಾಸನಾಳದ ಸ್ನಾಯು ಸಡಿಲಿಸುವ ಆ ಔಷಧ ರಕ್ತಕ್ಕೂ ಸೇರುತ್ತದೆ. ಜಾಸ್ತಿ ಆದರೆ ಕೈಯ ಸ್ನಾಯುಗಳನ್ನು ನಡುಗಿಸುತ್ತದೆ, ಎದೆಬಡಿತ ಏರಿಸುತ್ತದೆ. ನೀಲಿ ಎಷ್ಟು ಎಳೆದರೂ ಒಳಗಿನ ಊತ ಹಾಗೇ ಇರುತ್ತದೆ. ಅಸ್ತಮಾ ಮಾರ್ಗಸೂಚಿ ಕೊಡುವ ಜಾಗತಿಕ ಸಂಸ್ಥೆ ‘ಗೀನಾ’ 2019ರಿಂದ ದೊಡ್ಡವರಿಗೆ ಬರೀ ನೀಲಿಯೊಂದನ್ನೇ ಕೊಡಬೇಡಿ ಅನ್ನುತ್ತಿದೆಯಂತೆ.

ನಾಲಿಗೆಯ ಫಂಗಸ್‌ಗೆ ನಿಸ್ಟಾಟಿನ್ ಹನಿ ಕೊಟ್ಟರು. ಇನ್‌ಹೇಲರ್‌ಗೆ ಸ್ಪೇಸರ್ ಸಿಕ್ಕಿಸಿಕೊಟ್ಟರು. ಅದೊಂದು ಪ್ಲಾಸ್ಟಿಕ್ ಕೊಳವೆ. ಔಷಧದ ದಪ್ಪ ಹನಿಗಳು ಅದರ ಗೋಡೆಗೇ ಅಂಟುತ್ತವೆ, ಸಣ್ಣವು ಒಳಗೆ ಹೋಗುತ್ತವೆ. ತೊಳೆದ ಮೇಲೆ ಬಟ್ಟೆಯಲ್ಲಿ ಒರೆಸಬಾರದು, ಹಾಗೇ ಒಣಗಲು ಬಿಡಬೇಕು. ಒರೆಸಿದರೆ ಹುಟ್ಟುವ ಸ್ಥಿರ ವಿದ್ಯುತ್ತು ಔಷಧವನ್ನು ಗೋಡೆಗೆ ಎಳೆದುಕೊಳ್ಳುತ್ತದೆ. ಪಫ್ ಆದ ಮೇಲೆ ಬಾಯಿ ಮುಕ್ಕಳಿಸಿ ಉಗಿಯಬೇಕು, ನುಂಗಬಾರದು. ನಾನು ಮರೆಯುವವಳು ಅಂತ ಗೊತ್ತಿದ್ದರಿಂದ ಕಂದು ಡಬ್ಬಿಯನ್ನು ಹಲ್ಲುಜ್ಜುವ ಬ್ರಷ್ ಪಕ್ಕಕ್ಕೇ ಇಟ್ಟೆ. ಮೊದಲು ಪಫ್, ಆಮೇಲೆ ಬ್ರಷ್. ಮುಕ್ಕಳಿಸುವುದು ತಾನಾಗೇ ಆಗುತ್ತದೆ.

ಬಿಳಿ ಪದರ ಹತ್ತು ದಿನದಲ್ಲಿ ಹೋಯಿತು. ನೀಲಿ ಕಡಿಮೆಯಾಗುತ್ತಿದ್ದ ಹಾಗೆ ನಡುಕವೂ ಹೋಯಿತು. ದನಿ ಮಾತ್ರ ಸತಾಯಿಸಿತು, ತಿಂಗಳ ಮೇಲಾಯಿತು. ಈಗಲೂ ಜೋರಾಗಿ ಕೂಗಿದರೆ ಒಮ್ಮೊಮ್ಮೆ ಬಿರಿಯುತ್ತದೆ. ಹಾಗೇ ಇದ್ದರೆ ಔಷಧವನ್ನೋ ಡೋಸನ್ನೋ ಬದಲಿಸಿ ನೋಡೋಣ, ನೀವೇ ಬಿಡಬೇಡಿ ಅಂದಿದ್ದಾರೆ.

ಹಾಜರಿ ಈಗ ಪೂರ್ತಿ ಕೂಗಬಲ್ಲೆ. ಆದರೆ ಮುಂದಿನ ಬೆಂಚಿನ ಹುಡುಗಿ ಆ ಪುಸ್ತಕ ವಾಪಸು ಕೊಡಲು ತಯಾರಿಲ್ಲ.