ಖಾಲಿ ಬಾಟಲಿಗಳ ಕಪಾಟು: ಕ್ವಾರ್ಟರ್ ಕಾಲುಭಾಗವಲ್ಲ

ಮದ್ಯದ ಖಾಲಿ ಬಾಟಲಿಗಳನ್ನು ಜೋಡಿಸುವ ನನ್ನ ಕಪಾಟಿನಲ್ಲಿ ಮೇಲಿನ ಎರಡು ಹಲಗೆಗಳ ಕೆಲಸ ಮುಗಿದಿದೆ. ಫುಲ್, ಹಾಫ್, ಕ್ವಾರ್ಟರ್, ನೈಂಟಿ ಸಾಲಾಗಿ ನಿಂತಿವೆ. ಪ್ರತಿಯೊಂದರ ಕೊರಳಿಗೂ ಅಳತೆಯ ಚೀಟಿ ಕಟ್ಟಿದ್ದೇನೆ. ಎಲ್ಲವೂ ಗುಜರಿ ಅಂಗಡಿಯಿಂದ, ಚಿಕ್ಕಪೇಟೆಯ ಭಾನುವಾರದ ಸಂತೆಯಿಂದ ಖಾಲಿಯಾಗಿಯೇ ಬಂದವು ಎಂದರೆ ಮನೆಗೆ ಬರುವ ನೆಂಟರು ನಂಬುವುದಿಲ್ಲ.

ಚೀಟಿಗಳನ್ನು ಬರೆದ ಮೇಲೆ ಹಲಗೆಯ ಜೋಡಣೆಯನ್ನೇ ಬದಲಿಸಿದೆ. ಫುಲ್ 750 ಮಿ.ಲೀ., ಹಾಫ್ 375, ಇಲ್ಲಿಯವರೆಗೆ ತಕರಾರಿಲ್ಲ. ಕ್ವಾರ್ಟರ್ ಮಾತ್ರ 187.5 ಅಲ್ಲ, 180. ನಾಲ್ಕು ಕ್ವಾರ್ಟರ್ ಕೂಡಿಸಿದರೆ 720. ಫುಲ್‌ಗೆ ಸರಿಯಾಗಿ ಒಂದು ಸ್ಮಾಲ್, ಅಂದರೆ 30 ಮಿ.ಲೀ. ಪೆಗ್, ಕಡಿಮೆ. ಆದರೆ ಅದೇ ಪೆಗ್‌ನಲ್ಲಿ ಎಣಿಸಿದರೆ ಕ್ವಾರ್ಟರ್‌ನಲ್ಲಿ ಆರು, ನೈಂಟಿಯಲ್ಲಿ ಮೂರು, ಶೇಷವಿಲ್ಲ. ಫುಲ್‌ನಲ್ಲಿ ಸರಿಯಾಗಿ ಇಪ್ಪತ್ತೈದು ಬಂದರೂ ಅದರ ಅರ್ಧವಾದ ಹಾಫ್‌ನಲ್ಲಿ ಹನ್ನೆರಡೂವರೆ! ಆದ್ದರಿಂದ ಎರಡೂ ಪೆಗ್ಗಿಗೆ ಹೊಂದುವ ಜೋಡಿ ಎಡಕ್ಕೆ, ಫುಲ್ ಮತ್ತು ಹಾಫ್ ಬಲಕ್ಕೆ.

ಈ ಒಡಕು ಪೆಟ್ಟಿಗೆಯಲ್ಲೂ ಇದೆ. ಫುಲ್ ಆದರೆ 12, ಹಾಫ್ ಆದರೆ 24. ಎರಡೂ 9 ಲೀಟರ್. ಕ್ವಾರ್ಟರ್ ಆದರೆ 48, ನೈಂಟಿ ಆದರೆ 96, ಎರಡೂ 8.64 ಲೀಟರ್. ಅಕ್ರಮ ಮದ್ಯ ವಶದ ಸುದ್ದಿಗಳಲ್ಲಿ 96 ಟೆಟ್ರಾ ಪ್ಯಾಕ್, 8.640 ಲೀಟರ್ ಎಂಬ ವಿಚಿತ್ರ ಅಂಕಿ ಪದೇ ಪದೇ ಬರುತ್ತದಲ್ಲ, ಅದು ಒಂದು ಪೆಟ್ಟಿಗೆ ನೈಂಟಿ.

ಬಲಗಡೆಯ ಜೋಡಿಯ ಮೂಲ ಗ್ಯಾಲನ್. ಅದಕ್ಕೆ ಸಾಕ್ಷಿ ನನ್ನ ಬಳಿ ಇರುವ ಹಳೆಯ ಅಮೆರಿಕನ್ ಬಾಟಲಿ. ಅದರ ಗಾಜಿನಲ್ಲೇ ‘4/5 ಕ್ವಾರ್ಟ್’ ಎಂದು ಉಬ್ಬಕ್ಷರವಿದೆ. ಗ್ಯಾಲನ್ನಿಗೆ ನಾಲ್ಕು ಕ್ವಾರ್ಟ್. ಅಂದರೆ ಇದು ಗ್ಯಾಲನ್ನಿನ ಐದನೇ ಒಂದು ಭಾಗ, 757 ಮಿ.ಲೀ. ಅಲ್ಲಿನವರು ಇದನ್ನು ಇಂದಿಗೂ ‘ಫಿಫ್ತ್’ ಎನ್ನುತ್ತಾರೆ. 1980ರ ಹೊತ್ತಿಗೆ ಅಮೆರಿಕದ ಮದ್ಯ ಮೆಟ್ರಿಕ್ ಅಳತೆಗೆ ಹೊರಳಿದಾಗ ಅದು 750 ಆಯಿತು. ‘ಟೆನ್ತ್’ ಎಂಬ ಅದರ ಅರ್ಧ 375 ಆಯಿತು. ಬ್ರಿಟಿಷರ ಗ್ಯಾಲನ್ ದೊಡ್ಡದು, 4.546 ಲೀಟರ್. ಅವರು ಅದರಿಂದ ಆರು ಬಾಟಲಿ ತುಂಬುತ್ತಿದ್ದರು, ಅದೂ ಬಾಟಲಿಗೆ 757 ಮಿ.ಲೀ.ಯೇ! ಸಣ್ಣ ಗ್ಯಾಲನ್ನಿನಲ್ಲಿ ಐದು, ದೊಡ್ಡದರಲ್ಲಿ ಆರು. ವ್ಯತ್ಯಾಸ ಒಂದು ಮಿಲಿಲೀಟರಿಗೂ ಕಡಿಮೆ. ಹಾಗಾಗಿ ಹನ್ನೆರಡು ಬಾಟಲಿಯ ಪೆಟ್ಟಿಗೆ ಎಂದರೆ ಬ್ರಿಟಿಷರ ಎರಡು ಗ್ಯಾಲನ್.

ಅಳೆಯಲು ಅಡುಗೆಮನೆಯ ಡಿಜಿಟಲ್ ತಕ್ಕಡಿಯೇ ಸಾಕು: ಖಾಲಿ ಬಾಟಲಿಯನ್ನು ತೂಗಿ, ನೀರು ತುಂಬಿ ಮತ್ತೆ ತೂಗಿದರೆ ಹೆಚ್ಚಾದ ಗ್ರಾಮುಗಳೇ ಮಿಲಿಲೀಟರು. ಕಂಠಮಟ್ಟ ತುಂಬಿದರೆ 750ರ ಬಾಟಲಿ 770ರ ಆಸುಪಾಸು ಹಿಡಿಯುತ್ತದೆ. ಬಿಸಿಲಿಗೆ ಮದ್ಯ ಹಿಗ್ಗುವುದರಿಂದ ಮೇಲೆ ಜಾಗ ಬಿಟ್ಟೇ ಬಾಟಲಿ ಮಾಡುತ್ತಾರೆ. ಫ್ರಾನ್ಸಿನ ಒಂದು ವೈನ್ ಬಾಟಲಿಯ ತಳದಲ್ಲಿ ‘75 ಸಿಎಲ್’, ‘63 ಎಂಎಂ’, ಜೊತೆಗೆ 3ರಂಥ ಒಂದು ಗುರುತು ಇದೆ: ಬಾಯಂಚಿನಿಂದ 63 ಮಿ.ಮೀ. ಕೆಳಗಿನವರೆಗೆ ತುಂಬಿದರೆ 750 ಮಿ.ಲೀ. ಎಂದರ್ಥ. ಬಾಟಲಿಯೇ ಅಳತೆಪಾತ್ರೆ. ನನ್ನ ಸಂಗ್ರಹದಲ್ಲಿ ಇಷ್ಟು ಪ್ರಾಮಾಣಿಕವಾದ ಗಾಜು ಇನ್ನೊಂದಿಲ್ಲ.

ಮೂರನೇ ಹಲಗೆ ಪಿಂಟ್‌ನದು, ಅಲ್ಲಿ ಬರೀ ಜಗಳ. ನಮ್ಮ ಬಾರ್‌ಗಳಲ್ಲಿ ಬಿಯರ್ ಪಿಂಟ್ ಎಂದರೆ 330, ಅಮೆರಿಕದಲ್ಲಿ 473, ಬ್ರಿಟನ್ನಿನಲ್ಲಿ 568 ಮಿ.ಲೀ. ಸದ್ಯ ನಮ್ಮದನ್ನು ಮಾತ್ರ ಇಟ್ಟಿದ್ದೇನೆ. ಪಕ್ಕದಲ್ಲಿ 650ರ ಬಿಯರ್ ಬಾಟಲಿ ನಿಲ್ಲಲು ಹಲಗೆಯ ಎತ್ತರ ಸಾಲದು. ಬಡಗಿಗೆ ಹೇಳಿ ಕಳಿಸಿದ್ದೇನೆ.