ಗಂಗಾವಳಿ ದಾಟಿ ಕಾಲೇಜಿಗೆ

ಪಂಚಗಂಗಾ ರೈಲು ಅಂಕೋಲೆಯಲ್ಲಿ ಇಳಿಸಿದಾಗ ಇನ್ನೂ ಬೆಳಗಿನ ಹೊತ್ತು. ಮೇ ತಿಂಗಳು, ಸೆಕೆ ಆಗಲೇ ಶುರುವಾಗಿತ್ತು. ನಾವು ಓದುವಾಗ ಇಲ್ಲಿ ರೈಲೇ ಇರಲಿಲ್ಲ. ಕೊಂಕಣ ರೈಲ್ವೆ ಪೂರ್ತಿ ಓಡಲು ಶುರುವಾಗಿದ್ದು 1998ರಲ್ಲಿ. ನಾವು ಡಿಗ್ರಿ ಮುಗಿಸಿದ್ದು 1979ರಲ್ಲಿ.

ಗೆಳೆಯ ಸ್ಕೂಟರ್ ತಂದಿದ್ದ. "ಎಂತ ಮಾರಾಯ, ತಲೆಯೆಲ್ಲ ಬೆಳ್ಳಗಾಯ್ತಲ್ಲೋ" ಎನ್ನುತ್ತಾ ಬ್ಯಾಗ್ ಕಿತ್ತುಕೊಂಡ. ಪೇಟೆಯಲ್ಲಿ ಹಾಲಕ್ಕಿ ಒಕ್ಕಲಿಗ ಹೆಂಗಸರು ಬುಟ್ಟಿ ತುಂಬಾ ಇಶಾಡು ಮಾವು ಇಟ್ಟುಕೊಂಡು ಕೂತಿದ್ದರು. ಅಂಕೋಲೆಯ ಕರಿ ಇಶಾಡಿಗೆ 2023ರಲ್ಲಿ ಜಿಐ ಟ್ಯಾಗ್, ಅಂದರೆ ಈ ನೆಲದ್ದೇ ಹಣ್ಣೆಂಬ ಸರ್ಕಾರಿ ಗುರುತು, ಸಿಕ್ಕಿದೆ. ಜೂನಿನಲ್ಲಿ ಕಾಲೇಜು ತೆರೆಯುವಾಗ ಕೊನೆಕೊನೆಯ ಹಣ್ಣು ಅಗ್ಗಕ್ಕೆ ಸಿಗುತ್ತಿದ್ದವು. ಎಷ್ಟೋ ದಿನ ನಮ್ಮ ಮಧ್ಯಾಹ್ನದ ಊಟ ಅದೇ.

ನಮ್ಮದು ಗೋಖಲೆ ಸೆಂಟಿನರಿ ಕಾಲೇಜು. ಗೋಪಾಲಕೃಷ್ಣ ಗೋಖಲೆ ಹುಟ್ಟಿ ನೂರು ವರ್ಷವಾದ 1966ರಲ್ಲಿ ಶುರುವಾಗಿದ್ದು. ಕಟ್ಟಿದವರು ಚುಟುಕು ಬ್ರಹ್ಮ ದಿನಕರ ದೇಸಾಯಿಯವರು, ಅವರ ಕೆನರಾ ವೆಲ್ಫೇರ್ ಟ್ರಸ್ಟ್ ಮೂಲಕ. ಗೋಖಲೆಯವರು ಕಟ್ಟಿದ ಭಾರತ ಸೇವಕ ಸಮಾಜದಲ್ಲೇ ದುಡಿದವರು ಅವರು. ಅದಕ್ಕೇ ಆ ಹೆಸರು. ಅಲ್ಲಿಯವರೆಗೆ ಈ ಕಡೆಯ ಮಕ್ಕಳು ಮುಂದೆ ಓದಬೇಕೆಂದರೆ ಕುಮಟೆ, ಧಾರವಾಡದಂಥ ಬೇರೆ ಊರಿಗೆ ಹೋಗಬೇಕಿತ್ತು. ನಮ್ಮಂಥ ಮನೆಗಳಿಗೆ ಅದು ಆಗದ ಮಾತು. ಈ ಕಾಲೇಜು ಇರದಿದ್ದರೆ ನಾನು ಓದುತ್ತಲೇ ಇರಲಿಲ್ಲ.

ರಜೆ ಇದ್ದುದರಿಂದ ಕಾಲೇಜು ನಿಶ್ಶಬ್ದವಾಗಿತ್ತು. ಆಫೀಸಿನ ಕಿಟಕಿ ಮುಂದೆ ನಾನು ಸುಮ್ನೆ ನಿಂತುಬಿಟ್ಟೆ.

1974, ಪಿಯುಸಿಗೆ ಹೆಸರು ಹಚ್ಚುವ ಕೊನೆಯ ದಿನ. ನಮ್ಮ ಮನೆ ಗಂಗಾವಳಿ ನದಿಯಾಚೆ, ಅದೇ ಹೆಸರಿನ ಊರಿನಲ್ಲಿ. ಮಂಜಗುಣಿಗೆ ದೋಣಿ ದಾಟಿ, ಅಲ್ಲಿಂದ ಅಂಕೋಲೆಗೆ ಬರಬೇಕು. ಅವತ್ತು ಜೋರು ಮಳೆ, ಹೊಳೆ ಕೆಂಪಗೆ ತುಂಬಿ ಹರಿಯುತ್ತಿತ್ತು. ದೋಣಿಯವರು ಮಧ್ಯಾಹ್ನದವರೆಗೆ ಹುಟ್ಟು ಮುಟ್ಟಲಿಲ್ಲ. ಅಮ್ಮ ಬಂಗಡೆ ಮಾರಿ ಕೂಡಿಸಿದ ಫೀ ದುಡ್ಡು ನನ್ನ ಸೊಂಟದಲ್ಲಿತ್ತು. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯನ್ನು ಅಂಗಿಯೊಳಗೆ ಸಿಕ್ಕಿಸಿಕೊಂಡಿದ್ದೆ. ಕಾಲೇಜು ಮುಟ್ಟುವಾಗ ಅದು ಒದ್ದೆಯಾಗಿ ಎದೆಗೆ ಅಂಟಿಕೊಂಡಿತ್ತು. ಬಿಡಿಸಿದರೆ ಶಾಯಿ ಹರಡಿತ್ತು.

ಆಫೀಸು ಮುಚ್ಚುವ ಹೊತ್ತು. ಗುಮಾಸ್ತರು ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಅಂಕಪಟ್ಟಿಯನ್ನು ಮೇಜಿನ ಮೇಲೆ ಹರವಿದರು. ಕರಿಹಲಗೆಯ ಕೆಳಗಿಂದ ಬೊಗಸೆ ಚಾಕ್ ಪುಡಿ ತಂದು ಒದ್ದೆ ಶಾಯಿಯ ಮೇಲೆ ಉದುರಿಸಿದರು. ಪುಡಿ ನೀಲಿಯಾಗುತ್ತಾ ಹೋಯಿತು. ಮೆಲ್ಲಗೆ ಊದಿ, ಒಂದೊಂದೇ ಅಂಕ ಓದಿ ರಿಜಿಸ್ಟರಿನಲ್ಲಿ ಬರೆದರು. ಗಣಿತದ್ದು ಪೂರ್ತಿ ಅಳಿಸಿಹೋಗಿತ್ತು. "ಎಷ್ಟು ಬಂದಿತ್ತೋ ತಮ್ಮಾ?" ಎಂದು ಕೇಳಿದರು. ಹೇಳಿದೆ. ನಂಬಿ ಬರೆದುಕೊಂಡರು.

ಸಂಜೆ ಗೆಳೆಯ ಮಂಜಗುಣಿಗೆ ಕರೆದುಕೊಂಡು ಹೋದ. ಈಗ ಅಲ್ಲಿ ಸೇತುವೆ ಎದ್ದಿದೆ. "ಮೇಲೆ ಹೋಗುವನಾ?" ಎಂದ. ಮೊದಲು ತಾರಿಗೆ, ದೋಣಿ ನಿಲ್ಲುತ್ತಿದ್ದ ಕಡೆಗೆ, ಇಳಿಯುವಾ ಎಂದೆ. ನೀರಿಗೆ ಕಾಲು ಬಿಟ್ಟು ಕೂತೆವು. ಕಡಲಿನ ಭರತದ ಹೊತ್ತು, ನೀರು ಮೊಣಕಾಲಿನವರೆಗೆ ಏರಿತು. ಬ್ಯಾಗಿನಿಂದ ಪ್ಲಾಸ್ಟಿಕ್ ಕವರು ತೆಗೆದು ಅಂಕಪಟ್ಟಿಯನ್ನು ಅವನಿಗೆ ತೋರಿಸಿದೆ. ಅವನು ಕನ್ನಡಕ ಏರಿಸಿ, ಗಣಿತದ ಸಾಲಿನಲ್ಲಿದ್ದ ನೀಲಿ ಕಲೆಯ ಮೇಲೆ ಬೆರಳಿಟ್ಟ.